ತಲೆಗೆ ತೀವ್ರ ಪೆಟ್ಟು: ಒಬ್ಬನಿಗೆ ಅರ್ಧ ಗಂಟೆಯಲ್ಲಿ, ಇನ್ನೊಬ್ಬನಿಗೆ ಮೂರನೆಯ ದಿನ ಶಸ್ತ್ರಚಿಕಿತ್ಸೆ ಏಕೆ?

ಮೂಡಿಗೆರೆಯ ಅಣ್ಣ:

ಎಲ್ಲರಿಗೂ ನಮಸ್ಕಾರ. ಹನ್ನೊಂದು ದಿನಗಳ ಹಿಂದೆ ನನ್ನ ತಮ್ಮ ಕೊಟ್ಟಿಗೆಹಾರದ ಹತ್ತಿರ ಬೈಕಿನಿಂದ ಬಿದ್ದ. ಹೆಲ್ಮೆಟ್ ಇತ್ತು, ಪಟ್ಟಿ ಬಿಗಿದಿರಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಜಿಸಿಎಸ್ (ಪ್ರಜ್ಞೆಯ ಮಟ್ಟ ಅಳೆಯುವ ಅಂಕ, ಕಡಿಮೆಯಾದಷ್ಟೂ ಗಂಭೀರ) 7 ಎಂದು ಬರೆದು, ಗಂಟಲಿಗೆ ಟ್ಯೂಬ್ ಹಾಕಿ ಮಂಗಳೂರಿಗೆ ಕಳುಹಿಸಿದರು. ಚಾರ್ಮಾಡಿ ಘಾಟಿ ಇಳಿದು ಆಸ್ಪತ್ರೆ ಮುಟ್ಟುವಾಗ ಪೆಟ್ಟು ಬಿದ್ದು 4 ಗಂಟೆ ಕಳೆದಿತ್ತು. ಸಿಟಿ ಸ್ಕ್ಯಾನ್ ನೋಡಿದ ವೈದ್ಯರು, ಮಿದುಳಿನ ಎಡಭಾಗದಲ್ಲಿ ಕಿವಿಯ ಮೇಲಕ್ಕೆ ಜಜ್ಜಿದ ಗಾಯವಿದೆ, ಸದ್ಯಕ್ಕೆ ಆಪರೇಷನ್ ಬೇಡ, ಗಮನಿಸುತ್ತೇವೆ ಎಂದರು.

ಅದೇ ರಾತ್ರಿ ಪಕ್ಕದ ಹಾಸಿಗೆಗೆ ಬಂದ ಹುಡುಗನನ್ನು ಸ್ಕ್ಯಾನ್ ಮುಗಿದ ಅರ್ಧ ಗಂಟೆಯಲ್ಲಿ ಓಟಿಗೆ ಒಯ್ದರು. ಅವನು ಈಗ ಮಾತನಾಡುತ್ತಾನೆ, ನಿನ್ನೆ ತಾಯಿಯ ಕೈಯಿಂದ ಗಂಜಿ ಕುಡಿದ. ನನ್ನ ತಮ್ಮನಿಗೆ ಮೂರನೆಯ ದಿನ ನಸುಕಿನಲ್ಲಿ ಆಪರೇಷನ್ ಮಾಡಿ ಬುರುಡೆಯ ಮೂಳೆಯನ್ನೇ ತೆಗೆದಿಟ್ಟರು. ಅವನಿನ್ನೂ ಕಣ್ಣು ಬಿಟ್ಟಿಲ್ಲ. ಮೊದಲ ದಿನವೇ ಮಾಡಿದ್ದರೆ ಅವನೂ ಗಂಜಿ ಕುಡಿಯುತ್ತಿದ್ದನೇ ಎಂಬ ಪ್ರಶ್ನೆ ನಮ್ಮನ್ನು ಮಲಗಲು ಬಿಡುತ್ತಿಲ್ಲ. ಯಾರ ಮೇಲೂ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಕಾರಣ ತಿಳಿದವರು ವಿವರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ನ್ಯೂರೋಸರ್ಜನ್, ಹುಬ್ಬಳ್ಳಿ:

ನಿಮ್ಮ ತಮ್ಮನ ಸ್ಕ್ಯಾನನ್ನು ನಾನು ನೋಡಿಲ್ಲ; ಆದ್ದರಿಂದ ಆ ತೀರ್ಮಾನ ಸರಿಯೋ ತಪ್ಪೋ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಇಬ್ಬರಿಗೂ ಆದದ್ದು ಒಂದೇ ಗಾಯವಲ್ಲ ಎಂಬುದು ನಿಮ್ಮ ಬರಹದಿಂದಲೇ ಬಹುಮಟ್ಟಿಗೆ ತಿಳಿಯುತ್ತದೆ.

ಪಕ್ಕದ ಹುಡುಗನಿಗೆ ಬಹುಶಃ ಎಕ್ಸ್‌ಟ್ರಾಡ್ಯೂರಲ್ ಹೆಪ್ಪು ಇದ್ದಿರಬೇಕು. ಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತನಾಳ ಹರಿದು ರಕ್ತ ತುಂಬಿಕೊಳ್ಳುವುದನ್ನು ಹಾಗೆನ್ನುತ್ತಾರೆ. ಅಲ್ಲಿ ಮಿದುಳಿಗೆ ಸ್ವತಃ ಪೆಟ್ಟು ಅಷ್ಟಾಗಿ ಆಗಿರುವುದಿಲ್ಲ, ಹೊರಗಿನಿಂದ ಅದುಮಲ್ಪಟ್ಟಿರುತ್ತದೆ. ಹೆಪ್ಪನ್ನು ತೆಗೆದರೆ ಮಿದುಳು ಮತ್ತೆ ತನ್ನ ಜಾಗಕ್ಕೆ ಹಿಗ್ಗುತ್ತದೆ, ಸಮಯಕ್ಕೆ ತೆಗೆದರೆ ಮನುಷ್ಯ ನಡೆದುಕೊಂಡು ಮನೆಗೆ ಹೋಗುತ್ತಾನೆ. ಇಂಥ ಹೆಪ್ಪು 30 ಎಂಎಲ್ ಮೀರಿದ್ದರೆ ರೋಗಿ ಎಚ್ಚರವಾಗಿದ್ದರೂ ತೆಗೆಯಬೇಕು ಎಂದು 2006ರಲ್ಲಿ ಅಮೆರಿಕದ ಬ್ರೇನ್ ಟ್ರಾಮಾ ಫೌಂಡೇಷನ್ ಪ್ರಕಟಿಸಿದ ಮಾರ್ಗಸೂಚಿ ಹೇಳುತ್ತದೆ. 30 ಎಂಎಲ್ ಎಂದರೆ ಹೆಚ್ಚೇನಲ್ಲ, ಕೆಮ್ಮಿನ ಸಿರಪ್ಪಿನ ಜೊತೆ ಕೊಡುವ 10 ಎಂಎಲ್ ಮುಚ್ಚಳದಲ್ಲಿ ಮೂರು ಅಳತೆ. ಆದರೆ ಬುರುಡೆ ಹಿಗ್ಗುವ ಪಾತ್ರೆಯಲ್ಲ. ಒಳಗಿರುವ ಮಿದುಳು, ರಕ್ತ, ನೀರು ಈ ಮೂರರಲ್ಲಿ ಒಂದು ಹೆಚ್ಚಿದರೆ ಇನ್ನೊಂದು ಜಾಗ ಬಿಡಬೇಕು. ಬಿಡುವಷ್ಟು ಬಿಟ್ಟ ಮೇಲೆ ಒತ್ತಡ ನಿಧಾನವಾಗಿ ಏರುವುದಿಲ್ಲ, ಒಮ್ಮೆಗೇ ಏರುತ್ತದೆ. ಆಗ ಒಂದು ಕಣ್ಣಿನ ಪಾಪೆ ದೊಡ್ಡದಾಗಿ, ಬೆಳಕು ಬಿಟ್ಟರೂ ಕುಗ್ಗದೆ ನಿಲ್ಲುತ್ತದೆ. ನಮ್ಮ ಗಡಿಯಾರ ಓಡಲು ಶುರುವಾಗುವುದು ಆ ಕ್ಷಣದಿಂದ. 1996ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ, ಎರಡು ಪಾಪೆಗಳ ಅಳತೆಯಲ್ಲಿ ವ್ಯತ್ಯಾಸ ಕಂಡ ಮೇಲೆ ಆಪರೇಷನ್‌ಗೆ 70 ನಿಮಿಷ ಮೀರಿದ ಎಕ್ಸ್‌ಟ್ರಾಡ್ಯೂರಲ್ ರೋಗಿಗಳಲ್ಲಿ ಒಬ್ಬರೂ ಉಳಿಯಲಿಲ್ಲ. ಅದು ಬೆರಳೆಣಿಕೆಯ ಜನರ ಲೆಕ್ಕ, ನಿಜ. ಆದರೂ ಆ 70 ನಿಮಿಷ ನಮ್ಮಂಥವರ ತಲೆಯಲ್ಲಿ ಸದಾ ಇರುತ್ತದೆ.

ನಿಮ್ಮ ತಮ್ಮನದು ಮಿದುಳಿನ ಒಳಗಿನ ಜಜ್ಜುಗಾಯ. ಇದು ಮೊದಲ ಸ್ಕ್ಯಾನಿನಲ್ಲಿ ಚಿಕ್ಕದಾಗಿ ಕಂಡು, ಮುಂದಿನ ಒಂದೆರಡು ದಿನಗಳಲ್ಲಿ ರಕ್ತ ಜಿನುಗಿ ದೊಡ್ಡದಾಗಬಹುದು, ಸುತ್ತಲೂ ಊತ ಬರಬಹುದು. ಏನೂ ಆಗದೆ ಕರಗಿಯೂ ಹೋಗಬಹುದು. ಅದನ್ನು ತೆಗೆಯಬೇಕಾದರೆ ಮಿದುಳನ್ನೇ ಸೀಳಿ ಒಳಗೆ ಹೋಗಬೇಕು. ಎಡಗಡೆಯಲ್ಲಿ ಮಾತಿನ ಕೇಂದ್ರವಿದೆ. ಅದಕ್ಕಾಗಿಯೇ ಕಾಯುತ್ತಾರೆ. ಜಿಸಿಎಸ್ 6ರಿಂದ 8 ಇರುವವರಲ್ಲಿ ಹಣೆಯ ಹಿಂದಿನ ಅಥವಾ ಕಿವಿಯ ಮೇಲಿನ ಭಾಗದ ಗಾಯ 20 ಎಂಎಲ್ ದಾಟಿ, ಮಿದುಳಿನ ನಡುಗೆರೆ 5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಸರಿದಿದ್ದರೆ ಅಥವಾ ಬುಡದಲ್ಲಿನ ನೀರಿನ ಜಾಗಗಳು ಮುಚ್ಚಿಕೊಂಡಿದ್ದರೆ ಆಪರೇಷನ್ ಮಾಡಿ ಎಂಬುದು ಅದೇ ಮಾರ್ಗಸೂಚಿಯ ಮಾತು. ದಯವಿಟ್ಟು ಎಲ್ಲ ಸ್ಕ್ಯಾನಿನ ವರದಿಗಳನ್ನು ಕೇಳಿ ಪಡೆದು, ಈ ಎರಡು ಅಂಕಿಗಳನ್ನು ನೋಡಿ.

ಅಂಕಿಅಂಶದ ಮೇಷ್ಟರು:

ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾದವನು. ಅಣ್ಣನವರ ಪ್ರಶ್ನೆಯಲ್ಲಿ ನನ್ನ ವಿಷಯವೂ ಸೇರಿರುವುದರಿಂದ ಬಾಯಿ ಹಾಕುತ್ತಿದ್ದೇನೆ.

ಸಬ್‌ಡ್ಯೂರಲ್ ಹೆಪ್ಪಿನ, ಅಂದರೆ ಮಿದುಳಿನ ಹೊರಪೊರೆಯ ಒಳಬದಿಯಲ್ಲಿ ಸೇರುವ ರಕ್ತದ, ವಿಚಾರದಲ್ಲಿ 4 ಗಂಟೆಯ ನಿಯಮ ಎಂಬುದೊಂದು ಜನಜನಿತವಾಗಿದೆ. ಅದರ ಮೂಲ 1981ರಲ್ಲಿ ಅಮೆರಿಕದ ರಿಚ್ಮಂಡ್‌ನಿಂದ ಬಂದ ವರದಿ. 82 ರೋಗಿಗಳ ಪೈಕಿ ಪೆಟ್ಟು ಬಿದ್ದ 4 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಸತ್ತವರು ಶೇ. 30, ತಡವಾದವರಲ್ಲಿ ಶೇ. 90. ಇಂಥ ಅಂತರ ವೈದ್ಯಕೀಯದಲ್ಲಿ ಅಪರೂಪ, ಆದ್ದರಿಂದಲೇ ಅದು ಪಠ್ಯಪುಸ್ತಕ ಸೇರಿತು. ಆದರೆ 1991ರಲ್ಲಿ 101 ರೋಗಿಗಳನ್ನು ನೋಡಿದ ಇನ್ನೊಂದು ತಂಡಕ್ಕೆ ಗಂಟೆಗಳಿಂದ ಅಂಥ ವ್ಯತ್ಯಾಸ ಸಿಗಲಿಲ್ಲ. ಮಿದುಳಿಗೆ ಮೊದಲೇ ಆದ ಹಾನಿ ಎಷ್ಟು, ಆಪರೇಷನ್ ನಂತರ ಒತ್ತಡ ಎಷ್ಟು ಎಂಬುದೇ ಮುಖ್ಯವೆಂದು ಅವರು ಬರೆದರು.

ಈ ಗೊಂದಲಕ್ಕೆ ಕಾರಣ ಸರಳವಾಗಿದೆ. ಬೇಗ ಆಪರೇಷನ್ ಆಗುವುದು ಯಾರಿಗೆ? ಸ್ಥಿತಿ ತೀರಾ ಕೆಟ್ಟವರಿಗೆ. ಅವರಲ್ಲಿ ಸಾವು ಹೆಚ್ಚು, ಆದ್ದರಿಂದ ಬೇಗ ಮಾಡಿದ್ದೇ ಕೆಡುಕಾಯಿತು ಎಂಬಂತೆ ಲೆಕ್ಕ ಕಾಣುತ್ತದೆ. ದೂರದಿಂದ ತಡವಾಗಿ ಬಂದವರೋ, ದಾರಿಯಲ್ಲಿ ಸಾಯದೆ ಉಳಿದವರು. ಗಟ್ಟಿಗರೇ ಬಂದು ಮುಟ್ಟಿರುತ್ತಾರೆ. ಹೀಗಾಗಿ ಗಂಟೆಗಳನ್ನಷ್ಟೇ ಎಣಿಸಿ ಎರಡು ಗುಂಪುಗಳನ್ನು ಹೋಲಿಸಿದರೆ ಸತ್ಯ ಕೈಗೆ ಸಿಗುವುದಿಲ್ಲ. ಕ್ಷಮಿಸಿ, ಒಂದು ಹಾಸಿಗೆಯನ್ನು ಇನ್ನೊಂದು ಹಾಸಿಗೆಯ ಜೊತೆ ಹೋಲಿಸಿದರೂ ಅದೇ ಕಥೆ.

ಅರಿವಳಿಕೆ ತಜ್ಞೆ:

ಮೇಷ್ಟರ ಮಾತನ್ನು ಒಪ್ಪುತ್ತೇನೆ, ಆದರೆ ಅಣ್ಣನವರ ಅನುಮಾನವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬಾರದು. ಅವರು ಕೇಳಿದ ಪ್ರಶ್ನೆಯನ್ನೇ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದ ಒಂದು ಅಧ್ಯಯನವಿದೆ. ಸ್ಟಿಚ್ ಟ್ರಾಮಾ ಎಂದು ಅದರ ಹೆಸರು, 2015ರಲ್ಲಿ ಪ್ರಕಟವಾಯಿತು. ಪೆಟ್ಟಿನಿಂದ ಮಿದುಳಿನೊಳಗೆ ರಕ್ತ ಸೇರಿದವರಲ್ಲಿ ಬೇಗ ಆಪರೇಷನ್ ಮಾಡಿದ ಗುಂಪಿನಲ್ಲಿ ಆರು ತಿಂಗಳಿಗೆ ಸತ್ತವರು ಶೇ. 15, ಕಾದು ನೋಡಿದ ಗುಂಪಿನಲ್ಲಿ ಶೇ. 33. ಆದರೆ 170 ರೋಗಿಗಳಾಗುವಷ್ಟರಲ್ಲಿ ಹಣ ನಿಂತು ಅಧ್ಯಯನವೂ ನಿಂತಿತು. ಅವರು ಮೊದಲೇ ಮುಖ್ಯವೆಂದು ಆರಿಸಿಕೊಂಡಿದ್ದ ಅಳತೆಯಲ್ಲಿ, ಅಂದರೆ ಚೇತರಿಕೆಯ ಗುಣಮಟ್ಟದಲ್ಲಿ, ವ್ಯತ್ಯಾಸ ಖಚಿತವಾಗಲಿಲ್ಲ. ಆದ್ದರಿಂದ ಕಾಯುವುದೇ ಸರಿ ಎಂದು ಯಾರಾದರೂ ಬಲವಾಗಿ ಹೇಳಿದರೆ ನಾನು ಒಪ್ಪುವುದಿಲ್ಲ. ಇಬ್ಬರು ಒಳ್ಳೆಯ ಸರ್ಜನ್‌ಗಳು ಒಂದೇ ಸ್ಕ್ಯಾನ್ ನೋಡಿ ಎರಡು ತೀರ್ಮಾನಕ್ಕೆ ಬರಬಹುದಾದ ಜಾಗ ಇದು.

ಇನ್ನೊಂದು ಮಾತು. ಓಟಿಯ ಬಾಗಿಲಲ್ಲಿ ನಿಂತು ನಾನು ಕಂಡಿರುವುದೇನೆಂದರೆ, ಕತ್ತಿ ಇಡುವ ಗಂಟೆಯ ಬಗ್ಗೆ ಎಲ್ಲರೂ ಜಗಳವಾಡುತ್ತಾರೆ, ಅದಕ್ಕಿಂತ ಮುಂಚಿನ ಗಂಟೆಗಳ ಬಗ್ಗೆ ಯಾರೂ ಕೇಳುವುದಿಲ್ಲ. ತೀವ್ರ ಪೆಟ್ಟಾದವರಲ್ಲಿ ಮೇಲಿನ ಬಿಪಿ ಒಮ್ಮೆ 90ಕ್ಕಿಂತ ಕೆಳಗಿಳಿದಿದ್ದರೂ ಸಾವಿನ ಪ್ರಮಾಣ ಸುಮಾರು ಇಮ್ಮಡಿಯಾಗಿರುವುದನ್ನು 1993ರ ಅಮೆರಿಕದ ದತ್ತಾಂಶ ತೋರಿಸಿತು. ತಾಲ್ಲೂಕು ಆಸ್ಪತ್ರೆಯವರು ಟ್ಯೂಬ್ ಹಾಕಿ ಕಳುಹಿಸಿದರು ಎಂದಿರಲ್ಲ, ಘಾಟಿಯ ಆ ತಿರುವುಗಳಲ್ಲಿ ನಿಮ್ಮ ತಮ್ಮನ ಉಸಿರು ಕಾದವರು ಅವರು. ಮೂರನೆಯ ದಿನದ ಆಪರೇಷನ್‌ವರೆಗೆ ಅವನು ಬಂದದ್ದೇ ಅದರಿಂದ.

ಮಲೆನಾಡಿನ ಸರ್ಜನ್:

ಮೇಡಂ, ಆ ಮಾತಿಗೆ ಧನ್ಯವಾದ. ನಮ್ಮಂಥವರಿಗೆ ಸಾಮಾನ್ಯವಾಗಿ ಬೈಗುಳವೇ ಸಿಗುವುದು. ನಾನು ಹತ್ತೊಂಬತ್ತು ವರ್ಷಗಳಿಂದ ತಾಲ್ಲೂಕು ಮಟ್ಟದಲ್ಲಿ ಜನರಲ್ ಸರ್ಜನ್. ಒಂದು ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ನ್ಯೂರೋಸರ್ಜನ್ ಇರುವ ಊರು ನಮಗೆ ಮೂರು ಗಂಟೆ ದೂರ. ಕಣ್ಣ ಮುಂದೆಯೇ ಪಾಪೆ ಅರಳುತ್ತಿದೆ. ಆ 70 ನಿಮಿಷ ನಮಗೆ ಆಂಬುಲೆನ್ಸಿನಲ್ಲೇ ಮುಗಿಯುತ್ತದೆ. ಹಾಗಿರುವಾಗ ನಾವೇ ಬುರುಡೆಗೆ ತೂತು ಕೊರೆದು ರಕ್ತ ಬಿಡಬಾರದೇ? 1962ರಲ್ಲಿ ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್‌ರ ಚೆಂಡು ತಲೆಗೆ ಬಡಿದಾಗ ಭಾರತ ತಂಡದ ನಾಯಕ ನಾರಿ ಕಾಂಟ್ರಾಕ್ಟರ್ ಅವರಿಗೆ ಅಲ್ಲಿಯೇ ಆಪರೇಷನ್ ಮಾಡಿದರು, ಎದುರಾಳಿ ನಾಯಕ ಫ್ರಾಂಕ್ ವೊರೆಲ್ ರಕ್ತ ಕೊಟ್ಟರು, ಕಾಂಟ್ರಾಕ್ಟರ್ ಬದುಕಿ ಮತ್ತೆ ಕ್ರಿಕೆಟ್ ಆಡಿದರು. 1998ರಲ್ಲಿ ಢಾಕಾದಲ್ಲಿ ಹೆಲ್ಮೆಟ್ ಇಲ್ಲದೆ ಬ್ಯಾಟ್ಸ್‌ಮನ್ನಿನ ಹತ್ತಿರ ನಿಂತಿದ್ದ ಭಾರತದ ಆಟಗಾರ ರಮಣ್ ಲಾಂಬಾ ಪೆಟ್ಟು ತಿಂದು, ತಾನೇ ನಡೆದು ಹೊರಗೆ ಹೋದವರು, ಆಮೇಲೆ ಪ್ರಜ್ಞೆ ತಪ್ಪಿ, ಮೂರು ದಿನಕ್ಕೆ ತೀರಿಕೊಂಡರು. ನಡೆದುಕೊಂಡು ಬಂದ, ಮಾತಾಡಿದ, ಆದ್ದರಿಂದ ಏನೂ ಆಗಿಲ್ಲ ಎಂದು ವಾಪಸು ಕರೆದುಕೊಂಡು ಹೋಗುವ ಸಂಬಂಧಿಕರನ್ನು ಕಂಡಾಗಲೆಲ್ಲ ನನಗೆ ಲಾಂಬಾ ನೆನಪಾಗುತ್ತಾರೆ.

ನ್ಯೂರೋಸರ್ಜನ್, ಹುಬ್ಬಳ್ಳಿ:

ಸರ್, ಕೊರೆದ ತೂತಿನಿಂದ ಹಳೆಯ ನೀರಾದ ರಕ್ತ ಹೊರಬರುತ್ತದೆ. ಪೆಟ್ಟಾದ ಮೊದಲ ಗಂಟೆಗಳ ರಕ್ತ ಗಟ್ಟಿ ಹೆಪ್ಪಾಗಿ, ಹಲಸಿನ ಹಣ್ಣಿನ ಹಲ್ವದಂತೆ ಅಂಟಿಕೊಂಡಿರುತ್ತದೆ, ಅಂಥ ತೂತಿನಲ್ಲಿ ಬರುವುದು ಸ್ವಲ್ಪವೇ. ಪೂರ್ತಿ ತೆಗೆಯಬೇಕಾದರೆ ಮೂಳೆಯ ಹಲಗೆಯನ್ನೇ ಎತ್ತಬೇಕು, ಹರಿದ ನಾಳವನ್ನು ಹುಡುಕಿ ಸುಡಬೇಕು. ಆದರೂ ಎಕ್ಸ್‌ಟ್ರಾಡ್ಯೂರಲ್ ಎಂದು ಸ್ಕ್ಯಾನಿನಲ್ಲಿ ಸ್ಪಷ್ಟವಾಗಿದ್ದು, ಪಾಪೆ ಅರಳಿದ್ದು, ದಾರಿ ಉದ್ದವಿದ್ದರೆ, ಫೋನಿನ ಇನ್ನೊಂದು ತುದಿಯಲ್ಲಿ ನಮ್ಮಂಥವರೊಬ್ಬರು ಹೇಳುತ್ತಿರುವಾಗ ತರಬೇತಿ ಇರುವ ಜನರಲ್ ಸರ್ಜನ್ ತೂತನ್ನು ಅಗಲಿಸಿ ಒತ್ತಡ ಇಳಿಸುವುದನ್ನು ನಾನು ತಪ್ಪು ಎನ್ನಲಾರೆ. ಸ್ಕ್ಯಾನ್ ಇಲ್ಲದೆ, ಊಹೆಯ ಮೇಲೆ ಮಾಡುವುದನ್ನು ಮಾತ್ರ ಒಪ್ಪಲಾರೆ.

ಅದಕ್ಕಿಂತ ಹೆಚ್ಚು ಸಮಯ ಉಳಿಸುವ ಕೆಲಸ ಬೇರೆ ಇದೆ. ಸ್ಕ್ಯಾನಿನ ಚಿತ್ರ ರೋಗಿಗಿಂತ ಮೊದಲು ವಾಟ್ಸಾಪಿನಲ್ಲಿ ನಮಗೆ ಬರಲಿ. ರೋಗಿ ಘಾಟಿ ಇಳಿಯುತ್ತಿರುವಾಗಲೇ ನಾವು ರಕ್ತ ತರಿಸಿ, ಓಟಿ ಖಾಲಿ ಮಾಡಿಸಿಕೊಂಡಿರುತ್ತೇವೆ. ಹೊರಡುವ ಮುನ್ನ ಮಿದುಳಿನ ಒತ್ತಡ ಇಳಿಸುವ ಮ್ಯಾನಿಟಾಲ್ ಅಥವಾ 3 ಪರ್ಸೆಂಟ್ ಸಲೈನ್ ಕೊಟ್ಟರೆ ಸ್ವಲ್ಪ ಹೊತ್ತು ಸಿಗುತ್ತದೆ, ಬಿಪಿ ಬಿದ್ದಿದ್ದರೆ ಮ್ಯಾನಿಟಾಲ್ ಬೇಡ. ಸ್ಟಿರಾಯ್ಡ್ ಕೊಟ್ಟು ಕಳುಹಿಸುವ ಹಳೆಯ ಪದ್ಧತಿಯನ್ನು ಮಾತ್ರ ದಯವಿಟ್ಟು ಬಿಡಿ. 10,008 ರೋಗಿಗಳ ಕ್ರ್ಯಾಶ್ ಅಧ್ಯಯನ 2004ರಲ್ಲೇ ಅದರಿಂದ ಸಾವು ಹೆಚ್ಚುತ್ತದೆ ಎಂದು ತೋರಿಸಿದೆ, ಆದರೂ ರೆಫರ್ ಚೀಟಿಯಲ್ಲಿ ಡೆಕ್ಸಾ (ಒಂದು ಸ್ಟಿರಾಯ್ಡ್) ಎಂದು ಬರೆದಿರುವುದನ್ನು ನಾನು ಈಗಲೂ ಕಾಣುತ್ತೇನೆ.

ಆಂಬುಲೆನ್ಸ್ ಸಿಬ್ಬಂದಿ:

ದಾರಿಯಲ್ಲಿ ಕಳೆಯುವುದಕ್ಕಿಂತ ಹೆಚ್ಚು ಹೊತ್ತು ಅಪಘಾತದ ಜಾಗದಲ್ಲಿಯೂ, ಹಾಸಿಗೆ ಇಲ್ಲ ಎಂದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುತ್ತುವುದರಲ್ಲಿಯೂ ಕಳೆಯುತ್ತದೆ ಎಂಬುದು ನನ್ನ ಅನುಭವ. ಪೊಲೀಸರು ಬರಲಿ ಎಂದು ಜನ ಈಗಲೂ ಕಾಯುತ್ತಾರೆ. ಚಿಕಿತ್ಸೆ ಮೊದಲು, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿಯೇ ಹೇಳಿದೆ. ಆಸ್ಪತ್ರೆಗೆ ತಂದವರನ್ನು ರಕ್ಷಿಸುವ ಕಲಮು 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಇದೆ. ಹಣದ ವಿಷಯಕ್ಕೆ, 2025ರಿಂದ ಕೇಂದ್ರದ ನಗದುರಹಿತ ಯೋಜನೆಯಲ್ಲಿ ರಸ್ತೆ ಅಪಘಾತಕ್ಕೆ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಿದೆ. ಅಣ್ಣನವರು ಆಸ್ಪತ್ರೆಯಲ್ಲಿ ವಿಚಾರಿಸಬೇಕು.

ಅಂಕಿಅಂಶದ ಮೇಷ್ಟರು:

ಮೂಳೆಯನ್ನೇ ತೆಗೆದಿಟ್ಟರು ಎಂದು ಅಣ್ಣನವರು ಬರೆದಿದ್ದರು. ಅದರ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನೂ ಮೊದಲ ದಿನವೇ ಮಾಡಿದರೆ ಲಾಭವಿದೆಯೇ?

ಅರಿವಳಿಕೆ ತಜ್ಞೆ:

ಮೇಷ್ಟ್ರೇ, ಬೇಗ ಮಾಡಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಮುಗ್ಗರಿಸಿದ್ದು ಇಲ್ಲಿಯೇ. ಒತ್ತಿ ಹಿಡಿದ ಹೆಪ್ಪು ಇಲ್ಲದೆ ಮಿದುಳು ಪೂರ್ತಿ ಊದಿಕೊಂಡಾಗ, ಬುರುಡೆಯ ದೊಡ್ಡ ತುಂಡನ್ನು ತೆಗೆದು ಜಾಗ ಮಾಡಿಕೊಡುತ್ತಾರೆ. ಡೆಕ್ರಾ ಎಂಬ ಅಧ್ಯಯನದಲ್ಲಿ, 2011ರಲ್ಲಿ ಪ್ರಕಟವಾದದ್ದು, ಬುರುಡೆಯೊಳಗಿನ ಒತ್ತಡ 20 (ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ) ಮೀರಿ 15 ನಿಮಿಷವಾದರೆ ಸಾಕು ಎಂದು ಬೇಗನೆ ಮೂಳೆ ತೆಗೆದರು. ಒತ್ತಡ ಇಳಿಯಿತು, ಐಸಿಯುವಿನ ದಿನಗಳೂ ಕಡಿಮೆಯಾದವು, ಆದರೆ ಆರು ತಿಂಗಳ ನಂತರ ಕೆಟ್ಟ ಸ್ಥಿತಿಯಲ್ಲಿದ್ದವರು ಆಪರೇಷನ್ ಆದವರಲ್ಲಿ ಶೇ. 70, ಆಗದವರಲ್ಲಿ ಶೇ. 51. ಆಪರೇಷನ್ ಗುಂಪಿನಲ್ಲಿ ಎರಡೂ ಪಾಪೆ ನಿಂತುಹೋದವರು ಮೊದಲಿಂದಲೇ ಹೆಚ್ಚಿದ್ದರು ಎಂಬ ಆಕ್ಷೇಪವಿದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅಂತರ ಖಚಿತವಾಗಿ ಉಳಿಯುವುದಿಲ್ಲ. ಹಾಗಿದ್ದರೂ ಲಾಭವಂತೂ ಕಾಣಲಿಲ್ಲ.

ಐದು ವರ್ಷಗಳ ನಂತರ ಬಂದ ರೆಸ್ಕ್ಯೂ ಐಸಿಪಿ ಅಧ್ಯಯನ ಇನ್ನೊಂದು ತುದಿಯಿಂದ ನೋಡಿತು. ಔಷಧಗಳೆಲ್ಲ ಸೋತು ಒತ್ತಡ 25 ಮೀರಿ ಒಂದು ಗಂಟೆಯಾದರೂ ನಿಂತ ಮೇಲೆ ಮೂಳೆ ತೆಗೆದರು. 408 ರೋಗಿಗಳು. ಆರು ತಿಂಗಳಿಗೆ ಸತ್ತವರು ಮೂಳೆ ತೆಗೆದವರಲ್ಲಿ ಶೇ. 26.9, ಔಷಧದಲ್ಲೇ ಮುಂದುವರಿದವರಲ್ಲಿ ಶೇ. 48.9. ಅದೇ ವರದಿಯಲ್ಲಿ ನನಗೆ ಮರೆಯಲಾಗದ ಒಂದು ಲೆಕ್ಕವಿದೆ. ಔಷಧದ ಬದಲು 100 ಜನರಿಗೆ ಈ ಆಪರೇಷನ್ ಮಾಡಿದರೆ 22 ಜನ ಹೆಚ್ಚಾಗಿ ಬದುಕುತ್ತಾರೆ. ಆ 22ರಲ್ಲಿ 6 ಜನ ಕಣ್ಣು ಬಿಟ್ಟಿದ್ದೂ ಅರಿವಿಲ್ಲದ ಸ್ಥಿತಿಯಲ್ಲಿ, 8 ಜನ ಪೂರ್ತಿ ಇನ್ನೊಬ್ಬರ ಆಸರೆಯಲ್ಲಿ, ಉಳಿದ 8 ಜನ ಕನಿಷ್ಠ ಮನೆಯೊಳಗಾದರೂ ತಮ್ಮ ಕೆಲಸ ತಾವು ಮಾಡಿಕೊಳ್ಳುವ ಸ್ಥಿತಿಯಲ್ಲಿ ಇರುತ್ತಾರೆ. ಸಹಿ ಹಾಕಿಸಿಕೊಳ್ಳುವಾಗ ಇದನ್ನು ಮನೆಯವರಿಗೆ ಹೇಳಬೇಕು. ಬಹಳಷ್ಟು ಸಲ, ಜೀವ ಉಳಿಸಲು ಎಂಬ ಎರಡೇ ಪದಗಳಲ್ಲಿ ಮುಗಿಸಿಬಿಡುತ್ತೇವೆ.

ಮೂಡಿಗೆರೆಯ ಅಣ್ಣ:

ಒಂದು ವಾರ ಬರೆಯಲಾಗಲಿಲ್ಲ, ಕ್ಷಮಿಸಿ. ನಮಗೂ ಎರಡೇ ಪದ ಹೇಳಿದ್ದರು. ಆದರೆ ಈ ಸಲ ವರದಿಗಳನ್ನು ಹಿಡಿದು ಹೋಗಿ ಕೇಳಿದಾಗ ಅಲ್ಲಿನ ವೈದ್ಯರು ಮುಕ್ಕಾಲು ಗಂಟೆ ಕೂತು ವಿವರಿಸಿದರು. ಪಕ್ಕದ ಹುಡುಗನದು ಎಕ್ಸ್‌ಟ್ರಾಡ್ಯೂರಲ್ಲೇ ಅಂತೆ. ತಮ್ಮನ ಮೊದಲ ಸ್ಕ್ಯಾನಿನಲ್ಲಿ ಗಾಯ 8 ಎಂಎಲ್, ನಡುಗೆರೆ ಸರಿದಿರಲಿಲ್ಲ. ಮರುದಿನ ಬೆಳಿಗ್ಗೆ 17 ಎಂಎಲ್, 4 ಮಿಲಿಮೀಟರ್. ಮೂರನೆಯದು ಮರುನಸುಕಿನಲ್ಲಿ, ಎಡಪಾಪೆ ದೊಡ್ಡದಾದ ಮೇಲೆ, 34 ಎಂಎಲ್, 9 ಮಿಲಿಮೀಟರ್. ನರ್ಸ್ ಪಾಪೆ ನೋಡಿದ ಹೊತ್ತಿನಿಂದ ಚರ್ಮ ಕೊಯ್ದ ಹೊತ್ತಿಗೆ 55 ನಿಮಿಷ ಎಂದು ಹಾಳೆಯಲ್ಲಿದೆ. ಎರಡನೆಯ ಮತ್ತು ಮೂರನೆಯ ಸ್ಕ್ಯಾನಿನ ನಡುವೆ 19 ಗಂಟೆ. ಸರ್, ಆ 19 ಗಂಟೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು?

ನ್ಯೂರೋಸರ್ಜನ್, ಹುಬ್ಬಳ್ಳಿ:

ಮೊದಲ ದಿನ ನಾನಿದ್ದರೂ ಆಪರೇಷನ್ ಮಾಡುತ್ತಿರಲಿಲ್ಲ. ಎರಡನೆಯ ಸ್ಕ್ಯಾನ್ 20 ಮತ್ತು 5ರ ಗೆರೆಯ ಈಚೆಗೇ ಇದೆ, ಆದರೆ ಒಂದು ರಾತ್ರಿಯಲ್ಲಿ ಇಮ್ಮಡಿಯಾಗಿದೆ, ಅದೂ ಕಿವಿಯ ಮೇಲಿನ ಭಾಗದಲ್ಲಿ. ಆ ಜಾಗ ಮಿದುಳ್ಕಾಂಡಕ್ಕೆ, ಅಂದರೆ ಮಿದುಳಿನ ಬುಡಕ್ಕೆ, ಒತ್ತಿಕೊಂಡೇ ಇರುತ್ತದೆ. ಅಲ್ಲಿಯ ಗಾಯ ಒತ್ತಡದ ಮೀಟರಿನಲ್ಲಿ ದೊಡ್ಡ ಅಂಕಿ ತೋರಿಸುವ ಮುನ್ನವೇ ಕೆಳಕ್ಕೆ ಜಾರಬಹುದು. ನಾನಾಗಿದ್ದರೆ ಅದೇ ಸಂಜೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸುತ್ತಿದ್ದೆ ಎಂದು ಈಗ ಕುಳಿತು ಹೇಳುವುದು ಸುಲಭ. ವೆಂಟಿಲೇಟರ್ ಮೇಲಿರುವ ರೋಗಿಯನ್ನು ಸ್ಕ್ಯಾನ್ ಕೋಣೆಗೆ ಸಾಗಿಸುವುದರಲ್ಲಿಯೂ ಬಿಪಿ ಬೀಳುವ, ಒತ್ತಡ ಏರುವ ಅಪಾಯವಿದೆ ಎಂಬುದನ್ನು ಅವರು ತೂಗಿರಬಹುದು. ಸಂಜೆ ಮಾಡಿದ್ದರೆ ಅವನು ಈಗಾಗಲೇ ಮಾತಾಡುತ್ತಿದ್ದ ಎಂದು ಹೇಳುವ ಆಧಾರ ನನ್ನಲ್ಲಿಲ್ಲ; ಏನೂ ವ್ಯತ್ಯಾಸ ಆಗುತ್ತಿರಲಿಲ್ಲ ಎನ್ನುವ ಆಧಾರವೂ ಇಲ್ಲ. ಪಾಪೆ ಅರಳಿದ ಮೇಲಿನ 55 ನಿಮಿಷ ಮಾತ್ರ, ನಸುಕಿನ ಹೊತ್ತಿನಲ್ಲಿ, ಯಾವ ಆಸ್ಪತ್ರೆಗೂ ಸಣ್ಣದಲ್ಲ.

ಮೂಡಿಗೆರೆಯ ಅಣ್ಣ:

ಉತ್ತರ ಪೂರ್ತಿ ಸಮಾಧಾನ ಕೊಡದಿದ್ದರೂ ಅರ್ಥವಾಯಿತು. ಮೊನ್ನೆಯಿಂದ ಕಣ್ಣು ಬಿಡುತ್ತಿದ್ದಾನೆ. ಎಡಗೈ ಹಿಡಿದು ಒತ್ತು ಎಂದರೆ ಒತ್ತುತ್ತಾನೆ, ಬಲಗೈ ಇನ್ನೂ ಇಲ್ಲ. ಅವನ ಬುರುಡೆಯ ಮೂಳೆಯನ್ನು ಹೊಟ್ಟೆಯ ಚರ್ಮದ ಕೆಳಗೆ ಇಟ್ಟಿದ್ದಾರೆ. ಅಮ್ಮ ಅಲ್ಲಿ ಕೈಯಿಟ್ಟು ನೋಡಿ ಬೆಚ್ಚಿಬಿದ್ದರು. ಅದನ್ನು ಮತ್ತೆ ತಲೆಗೆ ಕೂಡಿಸುವುದು ಯಾವಾಗ? ಅದಕ್ಕೂ ಇಂತಿಷ್ಟೇ ಸಮಯ ಎಂದಿದೆಯೇ?

ನ್ಯೂರೋಸರ್ಜನ್, ಹುಬ್ಬಳ್ಳಿ:

ಸಾಮಾನ್ಯವಾಗಿ ಊತ ಇಳಿದು, ಸೋಂಕು ಇಲ್ಲವೆಂದು ಖಾತ್ರಿಯಾದ ಮೇಲೆ, ಬಹುಮಟ್ಟಿಗೆ ಮೂರು ತಿಂಗಳ ಸುಮಾರಿಗೆ. ತೀರಾ ತಡವಾದರೆ ಹೊಟ್ಟೆಯಲ್ಲಿರುವ ಮೂಳೆ ಸವೆಯುತ್ತದೆ, ತಲೆಯ ಚರ್ಮ ಒಳಗೆ ಗುಂಡಿಬಿದ್ದು ಕೆಲವರಲ್ಲಿ ಕೈಕಾಲಿನ ಬಲ ಹಿಂದಕ್ಕೆ ಹೋಗುತ್ತದೆ, ಮೂಳೆ ಕೂಡಿಸಿದ ಮೇಲೆ ಅದು ಮರಳಿದ್ದನ್ನು ನಾನು ನೋಡಿದ್ದೇನೆ. ಅಲ್ಲಿಯವರೆಗೆ ಆ ಬದಿಗೆ ಹೊರಳಿಸಿ ಮಲಗಿಸಬೇಡಿ. ನಡೆಯಲು ಶುರು ಮಾಡಿದಾಗ ತಲೆಗೊಂದು ಗಟ್ಟಿ ಟೊಪ್ಪಿ ಇರಲಿ, ಬಿಡುಗಡೆಯ ಚೀಟಿಯಲ್ಲಿ ಮೂಳೆ ಹೊಟ್ಟೆಯಲ್ಲಿದೆ ಎಂದು, ಯಾವ ಬದಿಯಲ್ಲಿ ಎಂಬುದನ್ನೂ ಸೇರಿಸಿ, ಬರೆಸಿಕೊಳ್ಳಿ.